ಹಳೆಯ ಕಪ್ಪು ಫ್ರೇಮಿಗೆ ಫಿಕ್ಸೆಡ್ ಗೇರ್ ಕೂರಿಸಿದ್ದು

ಫಿಕ್ಸೆಡ್ ಗೇರ್ ಸೈಕಲ್ಲಿಗೆ ಪೆಡಲ್ ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಫ್ರೀವೀಲ್ ಇರುವುದಿಲ್ಲ. ಹಿಂದಿನ ಚಕ್ರದ ಹಲ್ಲುಗಾಲಿಯನ್ನು ಹಬ್‌ಗೆ ನೇರವಾಗಿ ಬಿಗಿದಿರುವುದರಿಂದ ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಆರಾಮವಾಗಿ ಕೂರುವ ಸುಖ ಇಲ್ಲ. ಅದಕ್ಕೆ ಪ್ರತಿಯಾಗಿ ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸುವ ಅನುಕೂಲ ಇದೆ. ಸೈಕಲ್ ರೇಸಿಗೆಂದೇ ಕಟ್ಟಿದ ವೆಲೋಡ್ರೋಮಿನಲ್ಲಿ ಓಡುವ ರೇಸ್ ಸೈಕಲ್ಲುಗಳು, 1948ರಲ್ಲಿ ಜಪಾನಿನ ಕೊಕುರಾದಲ್ಲಿ ಆರಂಭವಾದ ಕೇರಿನ್ ಪಂದ್ಯದ ಸೈಕಲ್ಲುಗಳೂ ಸೇರಿದಂತೆ, ಎಲ್ಲವೂ ಈ ಬಗೆಯವೇ. ಗೇರುಗಳಿಲ್ಲ, ಗೇರ್ ಬದಲಿಸುವ ವೈರುಗಳಿಲ್ಲ, ಆದ್ದರಿಂದ ಇದನ್ನು ಕಟ್ಟುವುದು ಬಹಳ ಸುಲಭ ಎಂದು ಹೇಳುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಒಂದನ್ನು ಫ್ರೇಮಿನಿಂದ ಹಿಡಿದು ಬಣ್ಣದವರೆಗೆ ಕಟ್ಟಿ ಮುಗಿಸಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಬಿಡಿಭಾಗಗಳು ಕಡಿಮೆಯಾದಷ್ಟೂ ತಪ್ಪಿದ ಅಳತೆಯನ್ನು ಮುಚ್ಚಿಹಾಕುವ ಜಾಗವೂ ಕಡಿಮೆಯಾಗುತ್ತದೆ. ಗೇರ್ ಸೈಕಲ್ಲಿನಲ್ಲಿ ಚೈನು ಸ್ವಲ್ಪ ವಾರೆಯಾಗಿ ಓಡಿದರೂ, ಸ್ವಲ್ಪ ಸಡಿಲವಾಗಿದ್ದರೂ ಗೇರ್ ಬದಲಿಸುವ ಡಿರೈಲರ್ ಅದನ್ನು ಸರಿದೂಗಿಸಿಕೊಂಡು ಹೋಗುತ್ತದೆ. ಇಲ್ಲಿ ಅದೆಲ್ಲವೂ ನೇರವಾಗಿ ಕಾಲಿಗೆ ತಿಳಿಯುತ್ತದೆ.

ನಾನು ಆರಿಸಿಕೊಂಡದ್ದು ನನ್ನ ಸೋದರಮಾವ ಚಾಮರಾಜಪೇಟೆಯಿಂದ ಕೆಲಸಕ್ಕೆ ಓಡಿಸುತ್ತಿದ್ದ ಹರ್ಕ್ಯುಲಿಸ್ ಸೈಕಲ್ಲನ್ನು. 1949ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಕಂಪನಿಯ ಈ ಕಪ್ಪು ಸೈಕಲ್ಲುಗಳು ತೂಕದಲ್ಲಿ ಹಗುರವಲ್ಲ, ನೋಡಲು ರೇಸ್ ಸೈಕಲ್ಲಿನಂತೆಯೂ ಇಲ್ಲ. ಆದರೆ ಈ ಕೆಲಸಕ್ಕೆ ಅವುಗಳಲ್ಲಿ ಒಂದು ದೊಡ್ಡ ಗುಣವಿದೆ: ಹಿಂದಿನ ಆಕ್ಸಲ್ ಕೂರುವ ಸೀಳು ಹಿಂಬದಿಗೆ ತೆರೆದುಕೊಂಡು ಅಡ್ಡವಾಗಿರುತ್ತದೆ. ಫಿಕ್ಸೆಡ್ ಗೇರಿನಲ್ಲಿ ಚೈನನ್ನು ಬಿಗಿ ಮಾಡಲು ಚಕ್ರವನ್ನೇ ಹಿಂದಕ್ಕೆ ಎಳೆದು ಕೂರಿಸುವುದು ಸಾಮಾನ್ಯವಾದ ದಾರಿ. ಈಚಿನ ಗೇರ್ ಸೈಕಲ್ಲುಗಳ ಫ್ರೇಮಿನಲ್ಲಿ ಸೀಳು ಕೆಳಮುಖವಾಗಿರುವುದರಿಂದ ಅವು ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ಸುಲಭವಾಗಿ ಹೊಂದುವುದಿಲ್ಲ. ಮಾವನವರಿಗೆ ವಿಷಯ ತಿಳಿಸಿದಾಗ, "ತಗೊಂಡು ಹೋಗಪ್ಪ, ಅಟ್ಟದ ಮೇಲೆ ಜಾಗವಾದರೂ ಆಗುತ್ತೆ, ಆದರೆ ಫ್ರೀವೀಲ್ ತೆಗೆದು ಓಡಿಸೋದು ಅಂದರೆ ಏನೋ?" ಎಂದು ಕೇಳಿದರು. ವಿವರಿಸಿದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಮೊದಲ ಅಳತೆಯೇ ಹೊಂದಲಿಲ್ಲ. ಫಿಕ್ಸೆಡ್ ಗೇರಿಗೆ ಬೇಕಾದ ಟ್ರ್ಯಾಕ್ ಹಬ್‌ನ ಅಗಲ 120 ಮಿ.ಮೀ., ಮಾವನವರ ಫ್ರೇಮಿನ ಹಿಂದಿನ ಎರಡು ಕಾಲುಗಳ ನಡುವಿನ ಅಂತರ 114 ಮಿ.ಮೀ. ಉಕ್ಕಿನ ಫ್ರೇಮಾದ್ದರಿಂದ ಒಂದೊಂದು ಬದಿಗೆ 3 ಮಿ.ಮೀ.ನಷ್ಟು ತಣ್ಣಗಿರುವಾಗಲೇ ಬಗ್ಗಿಸಬಹುದು. ಅಲ್ಯೂಮಿನಿಯಂ ಆಗಿದ್ದರೆ ಆ ಪ್ರಯತ್ನ ಮಾಡಲೇಬಾರದು. ಎಸ್.ಜೆ.ಪಿ. ರಸ್ತೆಯಲ್ಲಿ ಕೊಂಡ ಉದ್ದನೆಯ ಥ್ರೆಡ್ ರಾಡಿಗೆ ನಟ್ಟುಗಳನ್ನು ಹಾಕಿ ಒಳಗಿನಿಂದ ಅಗಲಿಸುತ್ತ ಹೋದೆ. ಉಕ್ಕು ಸ್ಪ್ರಿಂಗಿನಂತೆ ಹಿಂದಕ್ಕೆ ಬರುವುದರಿಂದ 120 ಬೇಕಾದರೆ ಅದನ್ನು ದಾಟಿಯೇ ಎಳೆಯಬೇಕು. ಅಪಾಯವಿರುವುದು ಎರಡು ಕಾಲುಗಳೂ ಸಮನಾಗಿ ಬಗ್ಗುವುದಿಲ್ಲ ಎಂಬಲ್ಲಿ; ದುರ್ಬಲವಾದ ಬದಿ ಮೊದಲು ಸೋಲುತ್ತದೆ. ಅದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಬಲಬದಿಯ ಸೀಳಿಗೆ ಒಂದು ದಾರ ಕಟ್ಟಿ, ಅದನ್ನು ಮುಂದೆ ಹ್ಯಾಂಡಲ್ ಕೂರುವ ಹೆಡ್ ಟ್ಯೂಬನ್ನು ಸುತ್ತಿಸಿ ತಂದು ಎಡಬದಿಯ ಸೀಳಿಗೆ ಬಿಗಿಯಾಗಿ ಕಟ್ಟಬೇಕು. ಬಳಿಕ ಸೀಟಿನ ಕೊಳವೆಯಿಂದ ಎಡ ಮತ್ತು ಬಲ ದಾರಗಳಿಗಿರುವ ದೂರವನ್ನು ವರ್ನಿಯರ್‌ನಿಂದ ಅಳೆಯಬೇಕು. ಎರಡೂ ಒಂದೇ ಆದರೆ ಹಿಂದಿನ ಚಕ್ರ ಫ್ರೇಮಿನ ನಡುಗೆರೆಯ ಮೇಲೆ ಕೂರುತ್ತದೆ. ನನ್ನದರಲ್ಲಿ ಎಡಗಡೆ ಕಡಿಮೆ ಬಂತು. ಎಡಗಾಲನ್ನು ಮಾತ್ರ ಮರದ ಹಲಗೆಯಿಂದ ಮೀಟಿ ಸರಿಪಡಿಸಿದ್ದಾಯಿತು. ಆಕ್ಸಲ್ ದಪ್ಪದಲ್ಲೂ ವ್ಯತ್ಯಾಸವಿತ್ತು. ಹಳೆಯದಕ್ಕೆ ಹಿಂದೆ 3/8 ಇಂಚು, ಮುಂದೆ 5/16 ಇಂಚು. ಹೊಸ ಹಬ್‌ಗಳಿಗೆ ಕ್ರಮವಾಗಿ 10 ಮತ್ತು 9 ಮಿ.ಮೀ. ಹೀಗಾಗಿ ಸೀಳುಗಳನ್ನು ಅರದಿಂದ ಉಜ್ಜಿ ಹಿಗ್ಗಿಸಬೇಕಾಯಿತು.

ಪೆಡಲಿನ ತೋಳಾದ ಕ್ರ್ಯಾಂಕಿನ ಬೇರಿಂಗ್ ಕೂರುವ ಬಾಟಮ್ ಬ್ರಾಕೆಟ್ಟಿನ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ಹಳೆಯ ಬೇರಿಂಗ್ ಕಪ್‌ಗಳನ್ನು ಬಿಚ್ಚಿ ನೋಡಿದಾಗ ಥ್ರೆಡ್ ಇಂದಿಗೂ ಬಳಕೆಯಲ್ಲಿರುವ 1.37 ಇಂಚು, ಇಂಚಿಗೆ 24 ಎಳೆಯ ಬ್ರಿಟಿಷ್ ಅಳತೆಯದೇ ಆಗಿತ್ತು. ಎಲ್ಲ ಹಳೆಯ ಸೈಕಲ್ಲುಗಳಲ್ಲೂ ಹೀಗೇ ಇರುತ್ತದೆ ಎಂದು ನಂಬಿ ಸಾಮಾನು ತರಬಾರದು. ರ‍್ಯಾಲೀ ಕಾರ್ಖಾನೆಯ ಹಳೆಯ ಫ್ರೇಮುಗಳಿಗೆ ಇಂಚಿಗೆ 26 ಎಳೆ ಇರುತ್ತಿತ್ತು, ಅವಕ್ಕೆ ಇಂದಿನ ಬೇರಿಂಗ್ ಕಪ್ ಕೂರುವುದಿಲ್ಲ. ಬೆಣೆಯಂಥ ಕಾಟರ್ ಪಿನ್ನಿನಿಂದ ಬಿಗಿಯುವ ಹಳೆಯ ಕ್ರ್ಯಾಂಕನ್ನು ಉಳಿಸಿಕೊಳ್ಳುವ ಆಸೆ ನನಗಿತ್ತು, ನೋಡಲು ಅದು ಚಂದ. ಆದರೆ ಫಿಕ್ಸೆಡ್ ಗೇರಿನಲ್ಲಿ ಕ್ರ್ಯಾಂಕಿನ ಮೇಲೆ ಮುಂದಕ್ಕೂ ಹಿಂದಕ್ಕೂ ಬಲ ಬೀಳುವುದರಿಂದ ಆ ಪಿನ್ನು ಸಡಿಲವಾಗುತ್ತಲೇ ಇರುತ್ತದೆ. ಅದರ ಬದಲು ಚೌಕ ಆಕ್ಸಲ್ಲಿನ ಕ್ರ್ಯಾಂಕ್ ಹಾಕಿಸಿದೆ, ಉದ್ದ 165 ಮಿ.ಮೀ. ಈ ಉದ್ದಕ್ಕೆ ಕಾರಣವಿದೆ. ಹಳೆಯ 28 × 1½ ಇಂಚಿನ ರಿಮ್ಮಿನ ವ್ಯಾಸ 635 ಮಿ.ಮೀ., ನಾನು ಹಾಕಲಿದ್ದ 700ಸಿ ರಿಮ್ಮಿನ ವ್ಯಾಸ 622. ತ್ರಿಜ್ಯದಲ್ಲಿ ಆರೂವರೆ ಮಿಲಿಮೀಟರ್ ಹೋಯಿತು, 40 ಮಿ.ಮೀ. ಟೈರಿನ ಬದಲು 35 ಮಿ.ಮೀ.ನದು ಹಾಕಿದ್ದರಿಂದ ಇನ್ನೈದು. ಒಟ್ಟಿನಲ್ಲಿ ಪೆಡಲ್ ನೆಲಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಹತ್ತಿರವಾಯಿತು. ಫ್ರೀವೀಲ್ ಇರುವ ಸೈಕಲ್ಲಿನಲ್ಲಿ ತಿರುವು ಬಂದಾಗ ಒಳಗಿನ ಪೆಡಲನ್ನು ಮೇಲೆತ್ತಿ ನಿಲ್ಲಿಸಿಕೊಳ್ಳಬಹುದು. ಫಿಕ್ಸೆಡ್ ಗೇರಿನಲ್ಲಿ ತಿರುವಿನ ನಡುವೆಯೂ ಪೆಡಲ್ ಕೆಳಗೆ ಬಂದೇ ಬರುತ್ತದೆ, ಅದು ರಸ್ತೆಗೆ ತಗಲಿದರೆ ಹಿಂದಿನ ಚಕ್ರ ನೆಲ ಬಿಟ್ಟು ಜಿಗಿಯುತ್ತದೆ. ಕ್ರ್ಯಾಂಕ್ ಗಿಡ್ಡವಿದ್ದಷ್ಟೂ ಕ್ಷೇಮ.

ಚಕ್ರ ಕಟ್ಟಿಸಲು ಹೋದದ್ದು ಕಾಟನ್‌ಪೇಟೆಯ ಒಂದು ಸಣ್ಣ ಅಂಗಡಿಗೆ. ಅಲ್ಲಿನ ಮೆಕ್ಯಾನಿಕ್ ವಯಸ್ಸಿನಲ್ಲಿ ಹಿರಿಯರು, ಬಾಡಿಗೆ ಸೈಕಲ್ಲುಗಳ ಕಾಲದಿಂದಲೂ ಕಡ್ಡಿ ಕಟ್ಟಿದ ಕೈ. ಹೊಸ ಹಬ್‌ನ ಬೆಲೆ ಕೇಳಿ ಅವರು, "ಸುಮ್ನೆ ಯಾಕೆ ಸಾರ್ ಅಷ್ಟು ದುಡ್ಡು ಹಾಕ್ತೀರಾ? ಇರೋ ಫ್ರೀವೀಲಿಗೇ ಎರಡು ಕಡೆ ವೆಲ್ಡಿಂಗ್ ಹೊಡೆಸಿ, ಫಿಕ್ಸ್ ಆಗೋಗತ್ತೆ" ಎಂದರು. ಊರಲ್ಲಿ ಈ ಉಪಾಯ ಬಹಳ ಚಾಲ್ತಿಯಲ್ಲಿದೆ, ಅಗ್ಗವೂ ಹೌದು. ಅದರ ದೋಷ ಥ್ರೆಡ್ಡಿನಲ್ಲಿದೆ. ಮುಂದಕ್ಕೆ ತುಳಿದಾಗ ಫ್ರೀವೀಲ್ ಹಬ್‌ನ ಮೇಲೆ ಬಿಗಿಯಾಗುತ್ತ ಹೋಗುತ್ತದೆ; ಹಿಂದಕ್ಕೆ ಒತ್ತಿದಾಗ ಅದೇ ಥ್ರೆಡ್ಡಿನಲ್ಲಿ ಬಿಚ್ಚಿಕೊಳ್ಳುತ್ತದೆ, ಅಂದರೆ ವೇಗ ತಗ್ಗಿಸಬೇಕೆಂದು ಕಾಲೊತ್ತಿದ ಗಳಿಗೆಯಲ್ಲೇ ಕೈಕೊಡುತ್ತದೆ. ಟ್ರ್ಯಾಕ್ ಹಬ್‌ನಲ್ಲಿ ಎರಡು ಮೆಟ್ಟಿಲಿನ ಥ್ರೆಡ್ ಇರುತ್ತದೆ: ಒಳಗಿನ ದೊಡ್ಡ ಮೆಟ್ಟಿಲಿನ ಮೇಲೆ ಹಲ್ಲುಗಾಲಿ, ಹೊರಗಿನ ಚಿಕ್ಕ ಮೆಟ್ಟಿಲಿನ ಮೇಲೆ ಲಾಕ್‌ರಿಂಗ್. ಈ ಎರಡನೆಯದರ ಥ್ರೆಡ್ ಎಡಸುತ್ತಿನದು. ಹಲ್ಲುಗಾಲಿ ಬಿಚ್ಚಿಕೊಳ್ಳಲು ಹೊರಟು ಲಾಕ್‌ರಿಂಗನ್ನು ತನ್ನೊಂದಿಗೆ ತಿರುಗಿಸಿದರೆ ಆ ತಿರುಗುವಿಕೆಯೇ ಲಾಕ್‌ರಿಂಗನ್ನು ಬಿಗಿ ಮಾಡುತ್ತದೆ. ಹಬ್ಬನ್ನು ಅವರ ಕೈಗಿತ್ತೆ. ಲಾಕ್‌ರಿಂಗನ್ನು ಹೆಬ್ಬೆರಳಿನಿಂದ ಅತ್ತಿತ್ತ ತಿರುಗಿಸಿ ನೋಡಿ, "ಓಹೋ, ಉಲ್ಟಾ ಥ್ರೆಡ್ಡು. ಅದು ಬಿಚ್ಚೋಕೆ ಹೋದ್ರೆ ಇದು ಹಿಡ್ಕೊಳ್ಳತ್ತೆ. ಸರಿ ಬಿಡಿ ಸಾರ್, ಇದನ್ನೇ ಹಾಕೋಣ" ಎಂದರು. ಆಮೇಲೆ ವೆಲ್ಡಿಂಗಿನ ಮಾತು ಬರಲಿಲ್ಲ.

ಹಳೆಯ ಸೈಕಲ್ಲಿನಲ್ಲಿ ಹಿಂದಕ್ಕೆ 40 ಕಡ್ಡಿ, ಮುಂದಕ್ಕೆ 32. ಹೊಸ ಹಬ್ ಮತ್ತು ರಿಮ್ಮುಗಳನ್ನು ಎರಡಕ್ಕೂ 36 ರಂಧ್ರದವನ್ನೇ ತಂದಿದ್ದೆ. ಕಡ್ಡಿಯ ಉದ್ದವನ್ನು ಅಂದಾಜಿನಲ್ಲಿ ತರುವುದು ನಮ್ಮ ಅಂಗಡಿಗಳ ರೂಢಿ. ಉದ್ದ ಹೆಚ್ಚಾದರೆ ತುದಿಯನ್ನು ಅರದಿಂದ ಉಜ್ಜುತ್ತಾರೆ. ನಾನು ಲೆಕ್ಕ ಹಾಕಿಯೇ ತಂದೆ. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಕೂರುವ ಮಟ್ಟದಲ್ಲಿ ರಿಮ್ಮಿನ ತ್ರಿಜ್ಯ 300 ಮಿ.ಮೀ., ಹಬ್‌ನ ಅಂಚಿನಲ್ಲಿ ರಂಧ್ರಗಳ ವೃತ್ತದ ತ್ರಿಜ್ಯ 31.5, ಹಬ್‌ನ ನಡುವಿನಿಂದ ಅಂಚಿಗೆ 35. ಮೂರು ಕ್ರಾಸ್, ಅಂದರೆ ಪ್ರತಿ ಕಡ್ಡಿ ಬೇರೆ ಮೂರನ್ನು ದಾಟುವಂತೆ, ಕಟ್ಟಿದಾಗ 36 ಕಡ್ಡಿಯ ಚಕ್ರದಲ್ಲಿ ಕೋನ 60 ಡಿಗ್ರಿ ಆಗುತ್ತದೆ. ಮೂರೂ ಸಂಖ್ಯೆಗಳ ವರ್ಗಗಳನ್ನು ಕೂಡಿಸಿ, ಮೊದಲೆರಡರ ಗುಣಲಬ್ಧದ ಇಮ್ಮಡಿಯನ್ನು ಆ ಕೋನದ ಕೊಸೈನಿನಿಂದ, ಅಂದರೆ ಅರ್ಧದಿಂದ, ಗುಣಿಸಿ ಕಳೆದರೆ 82,767 ಉಳಿಯುತ್ತದೆ. ಅದರ ವರ್ಗಮೂಲ 287.7. ಅದರಲ್ಲಿ ಹಬ್ ರಂಧ್ರದ ಅರ್ಧ ವ್ಯಾಸವನ್ನು ತೆಗೆದರೆ 286.5. ಆದ್ದರಿಂದ 286 ಮಿ.ಮೀ. ಉದ್ದದ, 2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಕಡ್ಡಿಗಳು. ಗೇರ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಎಡಕ್ಕೊಂದು ಬಲಕ್ಕೊಂದು ಉದ್ದ ಬೇಕಾಗುತ್ತದೆ, ಏಕೆಂದರೆ ಗೇರುಗಳ ಗೊಂಚಲಿಗೆ ಜಾಗ ಬಿಡಲು ಅಲ್ಲಿ ರಿಮ್ಮನ್ನು ಒಂದು ಬದಿಗೆ ಎಳೆದಿರುತ್ತಾರೆ, ಆ ಬದಿಯ ಕಡ್ಡಿಗಳು ವಿಪರೀತ ಬಿಗಿಯಾಗಿ ಇನ್ನೊಂದು ಬದಿಯವು ಸಡಿಲವಾಗಿರುತ್ತವೆ. ಟ್ರ್ಯಾಕ್ ಹಬ್‌ನ ಎರಡೂ ಅಂಚುಗಳು ನಡುವಿನಿಂದ ಸಮದೂರದಲ್ಲಿರುವುದರಿಂದ ಎರಡೂ ಬದಿಯ ಬಿಗಿತ ಒಂದೇ. ಈ ಸೈಕಲ್ಲಿನ ಹಿಂದಿನ ಚಕ್ರ ಗಟ್ಟಿಯಾಗಿರುವುದಕ್ಕೆ ಮುಖ್ಯ ಕಾರಣ ಇದು.

ಮೆಕ್ಯಾನಿಕ್ ಕಡ್ಡಿ ಕಟ್ಟುವುದನ್ನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ನೋಡಿದೆ. ಒಂದು ಅಂಚಿನ ಒಂಬತ್ತು ರಂಧ್ರಗಳಿಗೆ, ಒಂದು ಬಿಟ್ಟು ಒಂದರಂತೆ, ಕಡ್ಡಿ ಇಳಿಬಿಟ್ಟು ರಿಮ್ಮಿನಲ್ಲಿ ಪ್ರತಿ ನಾಲ್ಕನೆಯ ರಂಧ್ರಕ್ಕೆ ನಿಪ್ಪಲ್ ತೊಡಿಸಿದರು. ಇನ್ನೊಂದು ಅಂಚಿಗೂ ಹಾಗೆಯೇ. ಬಳಿಕ ಹಬ್ಬನ್ನು ಹಿಡಿದು ಒಮ್ಮೆ ತಿರುಚಿದಾಗ ಅಷ್ಟೂ ಕಡ್ಡಿಗಳು ಒಟ್ಟಿಗೆ ವಾಲಿ ನಿಂತವು. ಉಳಿದ ಕಡ್ಡಿಗಳು ಎದುರು ದಿಕ್ಕಿಗೆ ಹೋಗಬೇಕು. ಪ್ರತಿಯೊಂದೂ ಎರಡು ಕಡ್ಡಿಗಳ ಹೊರಗಿನಿಂದ ಹಾದು ಮೂರನೆಯದರ ಒಳಗಿನಿಂದ ನುಸುಳಬೇಕು. ಅವರು ಎಣಿಸುತ್ತಿರಲಿಲ್ಲ, ಬೆರಳಿನಿಂದ ಕಡ್ಡಿಯನ್ನು ಸ್ವಲ್ಪ ಬಾಗಿಸಿ ನುಸುಳಿಸುತ್ತ ಅಂಗಡಿಯ ಹುಡುಗನಿಗೆ ಪಂಚರಿನ ಲೆಕ್ಕ ಹೇಳುತ್ತಿದ್ದರು. ಟ್ಯೂಬಿನ ವಾಲ್ವ್ ಬರುವ ರಂಧ್ರದ ಅಕ್ಕಪಕ್ಕದ ಕಡ್ಡಿಗಳು ಒಂದರಿಂದೊಂದು ಅಗಲವಾಗಿರುವಂತೆ ಮಾತ್ರ ಎಚ್ಚರಿಕೆಯಿಂದ ನೋಡಿಕೊಂಡರು, ಇಲ್ಲದಿದ್ದರೆ ಪಂಪಿನ ತಲೆ ಒಳಗೆ ಹೋಗುವುದಿಲ್ಲ.

ಚಕ್ರದ ಔಟ್, ಅಂದರೆ ಓಲಾಟ, ತೆಗೆಯುವುದಕ್ಕೆ ಅವರಲ್ಲಿದ್ದದ್ದು ವೈಸಿನಲ್ಲಿ ತಲೆಕೆಳಗಾಗಿ ಕಚ್ಚಿಸಿದ ಒಂದು ಹಳೆಯ ಫೋರ್ಕು ಮತ್ತು ಒಂದು ಸೀಮೆಸುಣ್ಣದ ತುಂಡು. ಸುಣ್ಣದ ತುಂಡನ್ನು ರಿಮ್ಮಿಗೆ ತಾಗಿ ತಾಗದಂತೆ ಹಿಡಿದು ಚಕ್ರ ತಿರುಗಿಸಿದರೆ ಎಲ್ಲಿ ರಿಮ್ಮು ಹೊರಕ್ಕೆ ಬಂದಿದೆಯೋ ಅಲ್ಲಿ ಬಿಳಿ ಗೆರೆ ಬೀಳುತ್ತದೆ. ಆ ಜಾಗದಲ್ಲಿ ಎದುರು ಬದಿಯ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿ ಮಾಡಿ, ಅದೇ ಬದಿಯದನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ತಿರುಗಿಸುವುದು. ಮೇಲೆ ಕೆಳಗೆ ಜಿಗಿತವಿದ್ದರೆ ಎರಡೂ ಬದಿಯ ಕಡ್ಡಿಗಳನ್ನು ಜೋಡಿಯಾಗಿ ಬಿಗಿ ಮಾಡುವುದು. ನಡುವೆ ಚಕ್ರವನ್ನು ತೆಗೆದು ಎಡಬಲ ಅದಲುಬದಲು ಮಾಡಿ ಅದೇ ಫೋರ್ಕಿನಲ್ಲಿ ಕೂರಿಸಿ ನೋಡಿದರು. ರಿಮ್ಮು ಅದೇ ಜಾಗದಲ್ಲಿ ನಿಂತರೆ ಅದು ಹಬ್‌ನ ಸರಿಯಾದ ನಡುವಿನಲ್ಲಿದೆ ಎಂದರ್ಥ. ಕೊನೆಯಲ್ಲಿ ಸಮಾನಾಂತರವಾಗಿರುವ ಕಡ್ಡಿಗಳನ್ನು ಎರಡೆರಡಾಗಿ ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿದರು. ಕಿರಕಿರನೆ ಸದ್ದಾಯಿತು. ಕಡ್ಡಿಯ ಬಾಗಿದ ಕತ್ತು ಹಬ್‌ನ ಅಂಚಿಗೆ ಸರಿಯಾಗಿ ಒತ್ತಿ ಕೂರುವುದು, ಬಿಗಿ ಮಾಡುವಾಗ ತಿರುಚಿಕೊಂಡಿದ್ದ ಕಡ್ಡಿ ಬಿಡಿಸಿಕೊಳ್ಳುವುದು ಈ ಹಿಂಡುವಿಕೆಯಲ್ಲೇ. ಇದನ್ನು ಮಾಡದ ಚಕ್ರ ಮೊದಲ ಸವಾರಿಯಲ್ಲೇ ಟಿಕ್ ಟಿಕ್ ಎನ್ನುತ್ತ ಔಟ್ ಆಗುತ್ತದೆ. ಗೆಳೆಯನೊಬ್ಬನಿಂದ ತಂದಿದ್ದ ಟೆನ್ಷನ್ ಮೀಟರಿನಲ್ಲಿ ಅಳೆದಾಗ ಕಡ್ಡಿಗಳ ಬಿಗಿತ 95ರಿಂದ 108 ಕೆ.ಜಿ. ಬಲದ ನಡುವೆ ಇತ್ತು. ಕಡ್ಡಿಯನ್ನು ಬೆರಳಿನಿಂದ ಮೀಟಿ ನಾದ ಕೇಳಿಯೇ ಅವರು ಅಷ್ಟು ಸಮ ಮಾಡಿದ್ದರು. ಮೀಟರನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ, ನಮ್ಮ ಹುಡುಗನಿಗೆ ಬೇಕು ಇದು" ಎಂದಷ್ಟೇ ಹೇಳಿದರು.

ಹಲ್ಲುಗಳ ಲೆಕ್ಕಕ್ಕೆ ಬರುತ್ತೇನೆ. ಮುಂದೆ 44, ಹಿಂದೆ 17. ಒಂದು ಸುತ್ತು ತುಳಿದರೆ ಸುಮಾರು 5.6 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 90 ಸುತ್ತಿಗೆ ಗಂಟೆಗೆ 30 ಕಿ.ಮೀ. ಬಸವನಗುಡಿಯಿಂದ ಯಾವ ದಿಕ್ಕಿಗೆ ಹೊರಟರೂ ಬೆಂಗಳೂರಿನಲ್ಲಿ ಏರಿಳಿತ ತಪ್ಪಿದ್ದಲ್ಲ, ಮೇಖ್ರಿ ವೃತ್ತದ ಕಡೆ ಹೋಗುವವರಿಗಂತೂ ಹೇಳುವುದೇ ಬೇಡ. ಇದಕ್ಕಿಂತ ಭಾರದ ಗೇರು ನಮ್ಮ ಸಿಗ್ನಲ್ಲುಗಳಿಗೆ ಸರಿಹೋಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. 48ಕ್ಕೆ 16 ಹಾಕಿಸಿಕೊಂಡು ಮೆರೆಯುವ ಹುಡುಗರಿದ್ದಾರೆ. ಅದರಲ್ಲಿ ಇನ್ನೊಂದು ತೊಂದರೆ ಇದೆ. ಹಿಂದಿನ ಚಕ್ರವನ್ನು ಕಾಲಿನಿಂದ ತಡೆದು ಜಾರಿಸಿದಾಗ ಟೈರು ಸವೆಯುವ ಜಾಗಗಳ ಸಂಖ್ಯೆ ಈ ಹಲ್ಲುಗಳ ಅನುಪಾತದಿಂದ ನಿರ್ಧಾರವಾಗುತ್ತದೆ: ಭಿನ್ನರಾಶಿಯನ್ನು ಸಂಕ್ಷೇಪಿಸಿದಾಗ ಕೆಳಗೆ ಉಳಿಯುವ ಅಂಕೆಯೇ ಅದು. 48/16 ಎಂದರೆ 3/1, ಪ್ರತಿ ಸಲವೂ ಟೈರಿನ ಒಂದೇ ಜಾಗ ನೆಲಕ್ಕೆ ಉಜ್ಜುತ್ತದೆ. 44/17 ಸಂಕ್ಷೇಪವಾಗುವುದೇ ಇಲ್ಲ, ಸವೆತ ಹದಿನೇಳು ಕಡೆ ಹಂಚಿಹೋಗುತ್ತದೆ.

ಬಣ್ಣದ ವಿಷಯದಲ್ಲಿ ಎಲ್ಲರೂ ಪೌಡರ್ ಕೋಟಿಂಗ್ ಮಾಡಿಸು ಎಂದರು. ಪೀಣ್ಯದಲ್ಲಿ ಮಾಡಿಕೊಡುವವರು ಬೇಕಾದಷ್ಟಿದ್ದಾರೆ. ಮರಳಿನಿಂದ ಉಜ್ಜಿ, ಪುಡಿಯನ್ನು ವಿದ್ಯುದಾವೇಶದಿಂದ ಅಂಟಿಸಿ, 180ರಿಂದ 200 ಡಿಗ್ರಿ ಶಾಖದ ಒಲೆಯಲ್ಲಿ ಕರಗಿಸಿದರೆ ಮುಗಿಯಿತು, ಗೀರಿಗೂ ಜಗ್ಗುವುದಿಲ್ಲ. ನಾನು ಒಪ್ಪದಿರಲು ಕಾರಣ ಫ್ರೇಮಿನ ಲಗ್ಗುಗಳು. ಕೊಳವೆಗಳು ಸೇರುವಲ್ಲಿ ಹಿತ್ತಾಳೆಯಿಂದ ಬೆಸೆದ ಆ ಕವಚಗಳ ಚೂಪಾದ ಅಂಚೇ ಹಳೆಯ ಫ್ರೇಮಿನ ಅಂದ, ದಪ್ಪನೆಯ ಪೌಡರ್ ಅದನ್ನು ಮೊಂಡಾಗಿಸುತ್ತದೆ. ಆದ್ದರಿಂದ ವಿಲ್ಸನ್ ಗಾರ್ಡನ್ನಿನ ಒಂದು ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜಿನಲ್ಲಿ ಕಾರಿಗೆ ಹೊಡೆಯುವ ಪಿ.ಯು. (ಪಾಲಿಯುರೆಥೇನ್) ಬಣ್ಣವನ್ನೇ ಹೊಡೆಸಿದೆ.

ಹಳೆಯ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ನಾನೇ ತೆಗೆದೆ. ಬಾಟಮ್ ಬ್ರಾಕೆಟ್ಟಿನ ಕೆಳಭಾಗದಲ್ಲಿ, ನೀರು ನಿಂತಿದ್ದ ಕಡೆ, ತುಕ್ಕು ಗುಳಿಗುಳಿಯಾಗಿತ್ತು. 80ರ ಎಮರಿ ಕಾಗದದಿಂದ ಆರಂಭಿಸಿ 320ರವರೆಗೆ ಉಜ್ಜಿ, ಬೆರಳಚ್ಚಿನ ಎಣ್ಣೆಯೂ ಉಳಿಯದಂತೆ ಥಿನ್ನರಿನಿಂದ ಒರೆಸಿ, ಅಂದೇ ಎಪಾಕ್ಸಿ ಪ್ರೈಮರ್ ಹೊಡೆಸಬೇಕು. ಬರಿ ಉಕ್ಕನ್ನು ಮಳೆಗಾಲದ ಗಾಳಿಗೆ ಒಂದು ರಾತ್ರಿ ಬಿಟ್ಟರೂ ಕೆಂಪು ಧೂಳು ಕಾಣಿಸಿಕೊಳ್ಳುತ್ತದೆ. ಅಗ್ಗದ ಎನ್.ಸಿ. (ನೈಟ್ರೊಸೆಲ್ಯುಲೋಸ್) ಬಣ್ಣವಾಗಿದ್ದರೆ ಈ ತೇವದಲ್ಲಿ ಮೇಲ್ಮೈ ಬೆಳ್ಳಗೆ ಮಂಕಾಗುತ್ತದೆ. ಪಿ.ಯು. ಬಣ್ಣಕ್ಕೆ ಆ ಕಷ್ಟವಿಲ್ಲ, ಆದರೆ ಅದರ ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಪೇಂಟರು ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಗನ್ ಹಿಡಿದದ್ದನ್ನು ಕಂಡು ಫಿಲ್ಟರ್ ಇರುವ ಮಾಸ್ಕ್ ತಂದುಕೊಟ್ಟೆ. ಹಾಕಿಕೊಂಡರು, ಬೆವರುತ್ತದೆ ಎಂದು ಗೊಣಗಿದರು. ಬಣ್ಣ ಹೊಡೆಯುವ ಮುನ್ನ ಬಾಟಮ್ ಬ್ರಾಕೆಟ್ಟಿನ ಥ್ರೆಡ್, ಹೆಡ್ ಟ್ಯೂಬಿನ ಎರಡು ಬಾಯಿ ಮತ್ತು ಹಿಂದಿನ ಸೀಳಿನ ಒಳಹೊರಗಿನ ಮುಖಗಳಿಗೆ ಟೇಪು ಹಚ್ಚಿಸಿದ್ದೆ. ಕೊನೆಯದು ಫಿಕ್ಸೆಡ್ ಗೇರಿಗೆ ಬಹಳ ಮುಖ್ಯ. ಆಕ್ಸಲ್ ನಟ್ಟಿನ ಅಡಿಯಲ್ಲಿ ಬಣ್ಣವಿದ್ದರೆ ಒತ್ತಡಕ್ಕೆ ಅದು ನಲುಗಿ ಜಾರುತ್ತದೆ, ಚಕ್ರ ಮುಂದಕ್ಕೆ ಸರಿದು ಚೈನು ಸಡಿಲವಾಗುತ್ತದೆ.

ಗಾಢ ಹಸಿರು ಬಣ್ಣದ ಮೇಲೆ ಲೈನಿಂಗ್ ಎಳೆದವರು ಕಲಾಸಿಪಾಳ್ಯದ ಒಬ್ಬ ಬೋರ್ಡ್ ಬರೆಯುವವರು, ಫ್ಲೆಕ್ಸ್ ಬಂದ ಮೇಲೆ ಲಾರಿಗಳ ಹಿಂಬದಿಯ ಬರಹದಿಂದಲೇ ಜೀವನ ನಡೆಸುತ್ತಿರುವವರು. ಉದ್ದ ಕೂದಲಿನ ತೆಳ್ಳನೆಯ ಕುಂಚವನ್ನು ಚಿನ್ನದ ಬಣ್ಣದ ಎನಾಮೆಲ್ಲಿನಲ್ಲಿ ಅದ್ದಿ, ಕಿರುಬೆರಳನ್ನು ಲಗ್ಗಿನ ಅಂಚಿಗೆ ಆನಿಸಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ಗೆರೆ ಮುಗಿಸುತ್ತಿದ್ದರು. ಮೇಲಿನ ಕೊಳವೆಯ ಮೇಲೆ ಬಸವನಗುಡಿಯ ಪಿನ್ ಕೋಡನ್ನು ಕನ್ನಡ ಅಂಕಿಗಳಲ್ಲಿ, ೫೬೦೦೦೪ ಎಂದು, ಬರೆಸಿದೆ. ನಾನು ಬೇಡವೆಂದರೂ ಅವರು ಕೊನೆಯ ಅಂಕಿಯ ಪಕ್ಕ ಒಂದು ಚಿಕ್ಕ ಹೂವನ್ನು ಬಿಡಿಸಿಯೇ ಬಿಟ್ಟರು.

ಜೋಡಣೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಚೈನು. ಚೈನ್ ವೀಲ್ ಮತ್ತು ಹಿಂದಿನ ಹಲ್ಲುಗಾಲಿ ಎರಡೂ ಫ್ರೇಮಿನ ನಡುಗೆರೆಯಿಂದ 42 ಮಿ.ಮೀ. ದೂರದಲ್ಲಿರಬೇಕು, ಬಾಟಮ್ ಬ್ರಾಕೆಟ್ಟಿನ ಆಕ್ಸಲ್ ಉದ್ದವನ್ನು ಬದಲಿಸಿ ಅದನ್ನು ಹೊಂದಿಸಿಕೊಂಡೆ. ಚೈನು ಹಳೆಯ ಕಪ್ಪು ಸೈಕಲ್ಲುಗಳದೇ ಅಳತೆ, 1/2 × 1/8 ಇಂಚು, ಯಾವ ಬೀದಿಯ ಅಂಗಡಿಯಲ್ಲೂ ಸಿಗುತ್ತದೆ. ನಡುವಿನಲ್ಲಿ ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಆಡಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗುಗಳು ನರಳುತ್ತವೆ, ಸಡಿಲವಾದರೆ ಚೈನು ಹಾರುತ್ತದೆ. ಫಿಕ್ಸೆಡ್ ಗೇರಿನಲ್ಲಿ ಚೈನು ಹಾರಿ ಹಲ್ಲಿಗೆ ಸಿಕ್ಕಿಕೊಂಡರೆ ಹಿಂದಿನ ಚಕ್ರವೇ ನಿಂತುಬಿಡುತ್ತದೆ. ಪೆಡಲ್ ತಿರುಗಿಸಿದಂತೆಲ್ಲ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಬರುತ್ತಿತ್ತು. ಚೈನ್ ವೀಲ್ ಕ್ರ್ಯಾಂಕಿನ ಸರಿಯಾದ ನಡುವಿನಲ್ಲಿ ಕೂತಿರಲಿಲ್ಲ. ಅದರ ಬೋಲ್ಟುಗಳನ್ನು ತುಸು ಸಡಿಲಿಸಿ, ಬಿಗಿಯಾದ ಜಾಗದಲ್ಲಿ ಚೈನಿನ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ತಿರುಗಿಸಿ, ಮತ್ತೆ ತಟ್ಟಿ ಅದನ್ನು ನಡುವಿಗೆ ತರಬೇಕಾಯಿತು.

ಮುಂದಿನ ಬ್ರೇಕನ್ನು ಹಾಕದೆ ಓಡಿಸುವುದೇ ಶುದ್ಧ ಫಿಕ್ಸಿ ಎನ್ನುವ ವಾದ ನನಗೆ ಹಿಡಿಸುವುದಿಲ್ಲ. ವೆಲೋಡ್ರೋಮಿನಲ್ಲಿ ಎದುರಿನಿಂದ ಆಟೋ ಬರುವುದಿಲ್ಲ. ರಿಮ್ಮು ಚಿಕ್ಕದಾದದ್ದರಿಂದ ಬ್ರೇಕ್ ಕಟ್ಟೆ ಆರೂವರೆ ಮಿಲಿಮೀಟರ್ ಕೆಳಗೆ ತಲುಪಬೇಕಿತ್ತು, ಹಾಗಾಗಿ ಉದ್ದ ತೋಳಿನ ಕ್ಯಾಲಿಪರ್ ಹುಡುಕಿ ಫೋರ್ಕಿನ ಮಡ್‌ಗಾರ್ಡ್ ರಂಧ್ರಕ್ಕೆ ಕೂರಿಸಿದೆ. ಮೊದಲ ಸವಾರಿ ಭಾನುವಾರ ಬೆಳಿಗ್ಗೆ ವಾಹನ ಸಂಚಾರವಿಲ್ಲದ ಕಬ್ಬನ್ ಪಾರ್ಕಿನಲ್ಲಿ. ಕಾಲು ನಿಲ್ಲಿಸಬೇಕೆಂಬ ಅಭ್ಯಾಸ ಎಷ್ಟು ಗಟ್ಟಿಯಾಗಿದೆಯೆಂದರೆ ಪ್ರತಿ ಸಲ ಪೆಡಲ್ ಕಾಲನ್ನು ತಾನೇ ಎತ್ತಿ ಮುಂದಕ್ಕೆ ತಳ್ಳುತ್ತಿತ್ತು. ಹಂಪುಗಳ ಮೇಲೆ ಪೆಡಲ್ ಸಮತಲಕ್ಕೆ ಬರುವ ಗಳಿಗೆಗೆ ಸರಿಯಾಗಿ ಸೀಟಿನಿಂದ ಏಳುವುದನ್ನು ಕಲಿಯಬೇಕು. ಅದು ಕಾಲಿಗೆ ಬಂದ ಮೇಲೆ ನಿಧಾನಗತಿಯ ದಟ್ಟಣೆಯಲ್ಲಿ, ಬ್ರೇಕನ್ನು ಮುಟ್ಟದೆ ಇಂಚಿಂಚು ಸರಿಯುವಾಗ, ಇದರಷ್ಟು ಹಿಡಿತ ಕೊಡುವ ಸೈಕಲ್ ಇನ್ನೊಂದಿಲ್ಲ ಎಂದು ನನಗನ್ನಿಸಿದೆ.

ನಂದಿ ಬೆಟ್ಟದ ಇಳಿಜಾರಿಗೆ ಮಾತ್ರ ಇದನ್ನು ಹೀಗೆಯೇ ಒಯ್ಯುವ ಧೈರ್ಯ ನನಗಿಲ್ಲ. ಹಬ್‌ನ ಇನ್ನೊಂದು ಬದಿಗೆ ಫ್ರೀವೀಲ್ ಹಾಕುವ ಥ್ರೆಡ್ ಇದೆ. 1937ರಲ್ಲಿ ಡಿರೈಲರಿಗೆ ಅನುಮತಿ ಸಿಗುವವರೆಗೂ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ಸವಾರರು ಬೆಟ್ಟದ ಬುಡದಲ್ಲಿ ಇಳಿದು ಹಿಂದಿನ ಚಕ್ರವನ್ನು ಹೀಗೆಯೇ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ನನ್ನ ಹಬ್‌ನ ಆ ಬದಿಗೆ 20 ಹಲ್ಲಿನ ಫ್ರೀವೀಲ್ ತಂದಿಟ್ಟಿದ್ದೇನೆ. ಆದರೆ ಫ್ರೀವೀಲ್ ಹಾಕಿದ ಕೂಡಲೇ ಹಿಂದಿನ ಚಕ್ರಕ್ಕೂ ಬ್ರೇಕು ಬೇಕು, ಅದನ್ನು ಕೂರಿಸಲು ಫ್ರೇಮಿನ ಹಿಂದಿನ ಕಾಲುಗಳನ್ನು ಜೋಡಿಸುವ ಅಡ್ಡ ಸೇತುವೆಯ ರಂಧ್ರವನ್ನು ದೊಡ್ಡದು ಮಾಡಬೇಕು, ಹೊಸ ಬಣ್ಣದ ಮೇಲೆ ಡ್ರಿಲ್ ಇಡಲು ನನಗೆ ಕೈ ಬರುತ್ತಿಲ್ಲ. ಕಾಟನ್‌ಪೇಟೆಯ ಅಣ್ಣ, "ತಗೊಂಡ್ ಬನ್ನಿ ಸಾರ್, ಟೇಪ್ ಅಂಟಿಸಿ ನಿಧಾನಕ್ಕೆ ಹೊಡೀತೀನಿ" ಎಂದಿದ್ದಾರೆ.